ಬೀಳುವ ನೌಕರಿ

ಮನುಷ್ಯರ ನಡವಳಿಕೆಯನ್ನು ಅಧ್ಯಯನ ಮಾಡುವ ಆ ಸಂಸ್ಥೆಯಲ್ಲಿ ರಿಸರ್ಚಪ್ಪನ ಕೆಲಸ ಟೀ ತರುವುದು. ಈ ಮಾತನ್ನು ಅವನ ಮುಂದೆ ಹೀಗೆ ಮುಖಕ್ಕೆ ಹೊಡೆದಂತೆ ಹೇಳಬಾರದು. ಟೀ ತರುವುದರ ಜೊತೆಗೆ ಅವನು ಫೈಲು ಹೊರುತ್ತಿದ್ದ, ಪ್ರೊಜೆಕ್ಟರಿಗೆ ವೈರು ಚುಚ್ಚುತ್ತಿದ್ದ, ಪ್ರಯೋಗಕ್ಕೆಂದು ಬಂದವರನ್ನು ಬೆಂಚಿನ ಮೇಲೆ ಕೂರಿಸಿ "ಈಗ ಕರೀತಾರೆ" ಎಂದು ಮಧ್ಯಾಹ್ನದವರೆಗೂ ಸಮಾಧಾನ ಮಾಡುತ್ತಿದ್ದ. ಆದರೆ ಮನೆಯಲ್ಲಿ, ಬೀದಿಯಲ್ಲಿ, ಮುಖ್ಯವಾಗಿ ಹೆಂಡತಿಯ ಕಡೆಯವರ ಎದುರಿಗೆ ಅವನದು ಒಂದೇ ಮಾತು: "ನಾನು ರಿಸರ್ಚ್‌ನಲ್ಲಿದ್ದೀನಿ." ಇದನ್ನು ಕೇಳಿ ಕೇಳಿ ಕಿವಿ ತೂತಾದ ಇಸ್ತ್ರಿ ಅಂಗಡಿಯವನು ಒಂದು ದಿನ "ಏನ್ರೀ ರಿಸರ್ಚಪ್ಪಾ" ಎಂದುಬಿಟ್ಟ. ಗೇಲಿಗೆಂದು ಇಟ್ಟ ಆ ಹೆಸರನ್ನು ನಮ್ಮವನು ಬಿರುದೆಂದು ತಿಳಿದು ಹಾಕಿಕೊಂಡ. ಹುಟ್ಟಿದಾಗ ಇಟ್ಟ ಹೆಸರು ಈಗ ಅವನ ಹೆಂಡತಿಗೂ ಸರಿಯಾಗಿ ನೆನಪಿಲ್ಲ.

ಇಷ್ಟೆಲ್ಲ ಬಡಾಯಿಗೆ ಕಾರಣ ಅವನ ಷಡ್ಡಕ. ಹೆಂಡತಿಯ ಅಕ್ಕನ ಗಂಡನಾದ ಈ ಮಹಾನುಭಾವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡಿ ಮಾಡಿ ಅವರ ಕಣ್ಣೇ ತಕ್ಕಡಿಯಾಗಿತ್ತು. ಯಾರ ಮನೆಗೆ ಹೋದರೂ ಮೊದಲು ಸೋಫಾ ಅಳೆಯುತ್ತಿದ್ದರು, ಆಮೇಲೆ ಟೀ ಲೋಟ, ಕೊನೆಗೆ ಮನೆಯ ಯಜಮಾನನನ್ನು. ರಿಸರ್ಚಪ್ಪ ಇಪ್ಪತ್ತೈದು ವರ್ಷಗಳಿಂದ ಆ ತಕ್ಕಡಿಯಲ್ಲಿ ಕಡಿಮೆ ತೂಗುತ್ತಲೇ ಬಂದಿದ್ದ.

ಅವನ ಭಾಗ್ಯ ತೆರೆದದ್ದು ಪ್ರೊಜೆಕ್ಟರಿನ ವೈರಿನಿಂದ. ಅವತ್ತು ಸಂಸ್ಥೆಯ ನೀತಿ ಸಮಿತಿಯ ಸಭೆ. ಮನುಷ್ಯರ ಮೇಲೆ ಪ್ರಯೋಗ ಮಾಡುವವರು ಯಾರಿಗೂ ಅನ್ಯಾಯ ಮಾಡದಂತೆ ನೋಡಿಕೊಳ್ಳುವುದು ಈ ಸಮಿತಿಯ ಹೊಣೆ. ಸದಸ್ಯರು ಮೂವರು, ಒಬ್ಬರಿಗೆ ಕಿವಿ ಮಂದ, ಇನ್ನೊಬ್ಬರಿಗೆ ಬಿಸ್ಕತ್ತಿನ ಮೇಲೆ ಪ್ರಾಣ, ಮೂರನೆಯವರು ಪ್ರಶ್ನೆ ಕೇಳುವವರು. ಡಾಕ್ಟರ್ ಮೇಡಂ ತಮ್ಮ ಹೊಸ ಅಧ್ಯಯನವನ್ನು ವಿವರಿಸುತ್ತಿದ್ದರು. ಬೀದಿಯಲ್ಲಿ ಒಬ್ಬ ಮನುಷ್ಯ ಕುಸಿದು ಬಿದ್ದರೆ ಜನ ಎತ್ತುತ್ತಾರೋ ಇಲ್ಲವೋ, ಎತ್ತುವ ಮುಂಚೆ ಅವನ ಬಟ್ಟೆ ನೋಡುತ್ತಾರೋ ಎಂಬುದು ಅವರ ಪ್ರಶ್ನೆ. ಬೀಳುವುದಕ್ಕೆಂದು ಗೊತ್ತುಮಾಡಿದ್ದ ನಾಟಕದವನು ಅಭ್ಯಾಸದ ಮೊದಲ ದಿನವೇ ಸೊಂಟ ಉಳುಕಿಸಿಕೊಂಡು ಮನೆ ಸೇರಿದ್ದ. ಸರಿಯಾಗಿ ಆ ಹೊತ್ತಿಗೆ ಟ್ರೇ ಹಿಡಿದು ಒಳಬಂದ ರಿಸರ್ಚಪ್ಪ ವೈರಿಗೆ ಕಾಲು ಸಿಕ್ಕಿಸಿಕೊಂಡು, ಮೊದಲು ಮಂಡಿ, ಆಮೇಲೆ ಸೊಂಟ, ಆಮೇಲೆ ಭುಜ, ಹೀಗೆ ಕ್ರಮವಾಗಿ ನೆಲಕ್ಕೊರಗಿದ. ಟೀ ಮಾತ್ರ ಕ್ರಮ ತಪ್ಪಿ ಬಿಸ್ಕತ್ತಿನ ಸದಸ್ಯರ ಮಡಿಲಿಗೆ ಬಿತ್ತು.

"ಎಷ್ಟು ಸಹಜವಾಗಿ ಬಿದ್ರಿ!" ಎಂದು ಮೇಡಂ ಎದ್ದು ನಿಂತರು. ಆ ಸಂಸ್ಥೆಯಲ್ಲಿ ಯಾರಾದರೂ ರಿಸರ್ಚಪ್ಪನನ್ನು ಹೊಗಳಿದ್ದು ಅದೇ ಮೊದಲು.

ಪ್ರಶ್ನೆ ಕೇಳುವ ಸದಸ್ಯರು ಕೇಳಿದರು: "ಇವರ ಒಪ್ಪಿಗೆ ಇದೆಯಾ?"

"ಇದೆ ಸರ್," ಎಂದ ರಿಸರ್ಚಪ್ಪ, ಇನ್ನೂ ನೆಲದ ಮೇಲಿಂದಲೇ.

"ಬೀದಿ ಜನರ ಒಪ್ಪಿಗೆ?"

"ಅವರನ್ನ ಕೇಳಿಬಿಟ್ರೆ ಅವರು ನಿಜವಾಗಿ ಹೇಗಿದ್ದಾರೋ ಹಾಗೆ ನಡ್ಕೊಳ್ಳಲ್ಲ ಸರ್," ಎಂದರು ಮೇಡಂ.

"ಅದು ಸರಿ. ನಾಳೆ ಅದೇ ಬೀದೀಲಿ ಒಬ್ಬ ನಿಜವಾಗಿಯೇ ಬಿದ್ರೆ?"

ಮೇಡಂ ಸ್ವಲ್ಪ ಯೋಚಿಸಿ ಹೇಳಿದರು: "ಅದು ನಮ್ಮ ಅಧ್ಯಯನದ ವ್ಯಾಪ್ತಿಗೆ ಬರಲ್ಲ ಸರ್."

ಉತ್ತರ ಸಮರ್ಪಕವಾಗಿತ್ತು. ಕಿವಿ ಮಂದದ ಸದಸ್ಯರೂ ತಲೆಯಾಡಿಸಿದರು. ಸಮಿತಿ ಒಪ್ಪಿಗೆ ಕೊಟ್ಟು, ಒದ್ದೆ ಪ್ಯಾಂಟಿನೊಡನೆ ಎದ್ದುಹೋಯಿತು.

ಮರುದಿನದಿಂದ ರಿಸರ್ಚಪ್ಪನಿಗೆ ಬೀಳುವ ನೌಕರಿ. ಸ್ಥಳ, ಬಸ್ ನಿಲ್ದಾಣದ ಪಕ್ಕದ ಕಾಲುದಾರಿ. ಅದು ತನ್ನ ಮನೆಯ ಬೀದಿಯ ತುದಿಯೆಂದು ಅವನು ಹೇಳಲಿಲ್ಲ. ಹೇಳಿದರೆ ಎಲ್ಲಿ ಅವಕಾಶ ತಪ್ಪುವುದೋ ಎಂಬ ಭಯ. ಮೇಡಂ ಕೂಡ ಕೇಳಲಿಲ್ಲ. ಟೀ ತರುವವನಿಗೂ ಒಂದು ಮನೆ ಇರುತ್ತದೆಂದು ಅವರಿಗೆ ಹೊಳೆದಿರಲಿಲ್ಲ. ಎದುರು ಕಟ್ಟಡದ ಮಹಡಿಯ ಕಿಟಕಿಯಲ್ಲಿ ಅವರು ಗಡಿಯಾರ ಹಿಡಿದು ಕೂರುವುದು, ಕೆಳಗೆ ಇವನು ಬೀಳುವುದು. ಕಣ್ಣು ತೆರೆಯಕೂಡದು, ಮಾತಾಡಕೂಡದು. ಯಾರಾದರೂ ಎತ್ತಿದರೆ ಕೈಮುಗಿದು ಹೋಗಬೇಕು, ಯಾರೂ ಎತ್ತದಿದ್ದರೆ ಮೇಲಿಂದ ಸೀಟಿ ಬರುವ ತನಕ ಬಿದ್ದಿರಬೇಕು. ಸಂಸ್ಥೆಯ ಸಿಬ್ಬಂದಿ ಯಾರೂ, ತಲೆಯ ಮೇಲೆ ತಲೆ ಬಿದ್ದರೂ, ಬಿದ್ದವನನ್ನು ಮುಟ್ಟಕೂಡದು. ಮುಟ್ಟಿದರೆ ಮಾಹಿತಿ ಕೆಡುತ್ತದೆ. ಮತ್ತು ಈ ವಿಷಯ ಹೆಂಡತಿಗೂ ಹೇಳಕೂಡದು.

ಮೊದಲ ಸಲ ಅವನಿಗೆ ಒಳ್ಳೆಯ ಕೋಟು, ಟೈ, ಹೊಳೆಯುವ ಶೂ ಹಾಕಿಸಿದರು. ಬಿದ್ದು ಪೂರ್ತಿ ಉಸಿರು ಬಿಟ್ಟಿರಲಿಲ್ಲ, ಜನ ಮುತ್ತಿಕೊಂಡರು. ಆ ಕೋಟಿನೊಳಗೆ ರಿಸರ್ಚಪ್ಪನಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಒಬ್ಬರು ಟೈ ಸಡಿಲಿಸಿದರು. ಒಬ್ಬರು ಫೈಲಿನಿಂದ ಗಾಳಿ ಹಾಕಿದರು. ಇದು ಹೃದಯದ್ದು ಎಂದು ಒಬ್ಬರು, ಅಲ್ಲ ಸಕ್ಕರೆ ಕಾಯಿಲೆ ಎಂದು ಇನ್ನೊಬ್ಬರು ಅವನ ಎದೆಯ ಮೇಲೆಯೇ ಜಗಳಕ್ಕೆ ನಿಂತರು. ಯಾರೋ ಹೆಂಗಸು "ಅಯ್ಯೋ, ಒಳ್ಳೇ ಮನೆತನದೋರು ಕಣ್ರೀ" ಎಂದಾಗ ರಿಸರ್ಚಪ್ಪನಿಗೆ ಮುಚ್ಚಿದ ಕಣ್ಣೊಳಗೆ ನೀರು ಬಂತು. ಮದುವೆಯ ದಿನವೂ ಅವನ ಮುಖವನ್ನು ಇಷ್ಟು ಜನ ನೋಡಿರಲಿಲ್ಲ.

ಎರಡನೆಯ ವೇಷ ಹರಕು ಕೋಟು. ಮೇಲೊಂದು ಟೊಪ್ಪಿ, ದಾರದಿಂದ ಕಿವಿಗೆ ಕಟ್ಟುವ ಗಡ್ಡ. ಮೇಡಂ ಸ್ವಂತ ಕೈಯಿಂದ ಕಾಲರಿನ ಮೇಲೆ ಒಂದಿಷ್ಟು ಬ್ರಾಂದಿ ಚಿಮುಕಿಸಿದರು. ಈ ಸಲ ಶೂಗಳು ಬಂದವು, ಹೋದವು. ಕೆಲವು ಬಳಸಿಕೊಂಡು ಹೋದವು, ಕೆಲವು ದಾಟಿಕೊಂಡು ಹೋದವು, ಒಂದು ಶೂ ಅವನ ಟೊಪ್ಪಿಯನ್ನು ಮೆಟ್ಟಿ, ಅದಕ್ಕೆ ಟೊಪ್ಪಿಯನ್ನೇ ಬೈದು ಹೋಯಿತು. ಸಿಮೆಂಟಿನ ತಣ್ಣನೆಯ ನೆಲ ಕೆನ್ನೆಗೆ ಹತ್ತಿತ್ತು. ತಾನು ಅದೇ ಮನುಷ್ಯ, ಅದೇ ರೀತಿ ಬಿದ್ದಿದ್ದೇನೆ ಎಂದು ಎದ್ದು ಕೂಗಬೇಕೆನಿಸಿತು. ಆಗ ಚಪ್ಪಲಿಯ ಟಪಟಪ ಸದ್ದೊಂದು ರಸ್ತೆ ದಾಟಿ ನೇರ ಅವನ ಕಡೆಗೇ ಬಂತು.

"ಏಳಪ್ಪಾ. ನಿಧಾನ. ತಲೆ ಈ ಕಡೆ ಕೊಡು."

ಗಡಿಯಾರದಜ್ಜ. ರಸ್ತೆಯಾಚೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲಾಗದಂಥ ಗೂಡಂಗಡಿಯಲ್ಲಿ ವಾಚು ರಿಪೇರಿ ಮಾಡುವ ಮುದುಕ. ಹಿಂದೆ ಮುಂದೆ ಯಾರೂ ಇಲ್ಲ, ಅಂಗಡಿಯೇ ಮನೆ. ಬೆರಳ ತುದಿಗಳು ಎಣ್ಣೆಯಿಂದ ಕಪ್ಪು. ಕುತ್ತಿಗೆಗೆ ಕೆಂಪು ದಾರ ಕಟ್ಟಿದ ನೀರಿನ ಬಾಟಲಿ ಹಿಡಿದು ಬಂದು, ರಿಸರ್ಚಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದ. ಯಾರು, ಎಲ್ಲಿಯವನು, ಯಾಕೆ ಕುಡಿದೆ ಎಂದು ಒಂದು ಮಾತು ಕೇಳಲಿಲ್ಲ. ಅವತ್ತಿನಿಂದ ಹರಕು ಕೋಟಿನ ಸರದಿ ಬಂದಾಗಲೆಲ್ಲ ಅಜ್ಜನೂ ಬಂದ. ಕೈಯಲ್ಲಿದ್ದ ಯಾರದೋ ವಾಚನ್ನು ಹಾಗೇ ಬಿಚ್ಚಿಟ್ಟು ಬರುತ್ತಿದ್ದ. ಅವನ ಹೊರತು ಇನ್ನೊಬ್ಬ ನರಪಿಳ್ಳೆ ಬರಲಿಲ್ಲ.

ಒಂದು ದಿನ ನೀರು ಕುಡಿಸುತ್ತ ಅಜ್ಜ ಕಿವಿಯ ಹತ್ತಿರ ಬಾಗಿ ಹೇಳಿದ: "ಹೆದರ್ಬೇಡ. ನಿನ್ನ ಹೆಂಡ್ತಿಗೆ ನಾನು ಹೇಳಿಲ್ಲ."

ರಿಸರ್ಚಪ್ಪ ನಿಯಮ ಮರೆತು ಕಣ್ಣು ಬಿಟ್ಟ.

"ನಿನ್ನ ವಾಚಿನ ಪಟ್ಟಿ ನಾನೇ ಅಲ್ವೇನಪ್ಪಾ ಹೊಲಿದುಕೊಟ್ಟಿದ್ದು? ಮೊದಲನೇ ದಿನವೇ ಗೊತ್ತಾಯ್ತು. ನನಗೂ ಈ ಚಟ ಇತ್ತು ಒಂದು ಕಾಲಕ್ಕೆ. ಹಿಂಗೇ ಬಿದ್ದಿದ್ದೆ. ಯಾರೋ ದಾರಿಹೋಕರು ಎತ್ತಿ ಕೂರಿಸಿದ್ರು, ಹೆಸರೂ ಕೇಳಲಿಲ್ಲ. ಅದಕ್ಕೇ ಇದ್ದೀನಿ ಇವತ್ತು. ನೀನೂ ಬಿಡ್ತೀಯ. ನಿಧಾನಕ್ಕೆ ಬಿಡು, ಒಂದೇ ಸಲ ಬಿಟ್ರೆ ಕೈ ನಡುಗುತ್ತೆ."

ಟೀಗಿಂತ ಗಟ್ಟಿಯಾದದ್ದನ್ನು ಜನ್ಮದಲ್ಲಿ ಕುಡಿಯದ ರಿಸರ್ಚಪ್ಪ, ಮಾತಾಡಕೂಡದೆಂಬ ನಿಯಮಕ್ಕೆ ಕಟ್ಟುಬಿದ್ದು, ನಿಧಾನಕ್ಕೆ ಬಿಡುವುದಾಗಿ ತಲೆಯಾಡಿಸಿ ಭಾಷೆ ಕೊಟ್ಟ.

ಇದಿಷ್ಟೇ ಆಗಿದ್ದರೆ ಕಥೆ ಇಲ್ಲಿಗೆ ಮುಗಿದು ಎಲ್ಲರೂ ಬದುಕಿಕೊಳ್ಳುತ್ತಿದ್ದರು. ಆದರೆ ಮುಂದಿನ ಸರದಿಯಲ್ಲಿ ಗಾಳಿಗೆ ಗಡ್ಡ ಒಂದು ಕಿವಿಯಿಂದ ಕಳಚಿ ಜೋತಾಡುತ್ತಿದ್ದಾಗ, ಸ್ಕೂಟರಿನ ಮೇಲೆ ಷಡ್ಡಕರು ಆ ದಾರಿಯಾಗಿ ಬಂದರು. ಸ್ಕೂಟರು ನಿಧಾನವಾಯಿತು. ಕಣ್ಣಿನ ತಕ್ಕಡಿ ಕೆಳಗಿಂದ ಮೇಲೆ ಒಮ್ಮೆ ತೂಗಿತು. ಆಮೇಲೆ ಸ್ಕೂಟರು ನಿಲ್ಲದೆ, ನೇರ ರಿಸರ್ಚಪ್ಪನ ಮನೆಗೆ ಹೋಯಿತು.

ಸಂಜೆ ಮನೆಗೆ ಬಂದಾಗ ಹೆಂಡತಿ, ಹೆಂಡತಿಯ ಅಕ್ಕ, ಷಡ್ಡಕರು ಮೂವರೂ ಸಾಲಾಗಿ ಕೂತಿದ್ದರು. ಬಾಗಿಲಲ್ಲಿ ಇಸ್ತ್ರಿ ಅಂಗಡಿಯವನು ಬಟ್ಟೆ ಕೊಡುವ ನೆಪದಲ್ಲಿ ನಿಂತಿದ್ದ. ಎರಡು ಅಂಗಿ ಕೊಡಲು ಅವನಿಗೆ ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು.

"ಬಾಯಿ ತೆಗೀರಿ," ಎಂದರು ಷಡ್ಡಕರು.

"ಯಾಕೆ?"

"ಪರೀಕ್ಷೆ ಮಾಡಬೇಕು."

"ಷಡ್ಡಕರೇ, ಬಾಯಲ್ಲೇನಿಲ್ಲ. ವಾಸನೆ ಇರೋದು ಕೋಟಲ್ಲಿ."

"ಕೇಳಿದ್ಯಾ?" ಎಂದು ಷಡ್ಡಕರು ನಾದಿನಿಯ ಕಡೆ ತಿರುಗಿದರು. "ಕೋಟು ಕುಡಿದಿದೆಯಂತೆ, ಇವರಲ್ಲ."

"ಅದು ಕೆಲಸ ಕಣೇ," ಎಂದು ರಿಸರ್ಚಪ್ಪ ಹೆಂಡತಿಗೆ ಅಂಗಲಾಚಿದ. "ನಾನು ಬೀಳೋದು ಕೆಲಸ. ಹೇಳಬಾರದು ಅಂತ ಆಣೆ ಇದೆ, ಆದರೂ ಹೇಳ್ತಿದ್ದೀನಿ. ಒಂದು ದಿನ ಟೈ ಕಟ್ಕೊಂಡು ಬೀಳ್ತೀನಿ, ಒಂದು ದಿನ ಗಡ್ಡ ಕಟ್ಕೊಂಡು ಬೀಳ್ತೀನಿ."

"ರೀ," ಎಂದಳು ಹೆಂಡತಿ, "ಬೀಳೋದಕ್ಕೆ ಯಾರಾದ್ರೂ ಸಂಬಳ ಕೊಡ್ತಾರೇನ್ರೀ?"

"ಆವತ್ತೇ ಹೇಳಿದ್ದೆ ನಾನು, ಈ ಸಂಬಂಧ ಬೇಡ ಅಂತ," ಎಂದಳು ಅಕ್ಕ, ಇಪ್ಪತ್ತೈದು ವರ್ಷ ತಡವಾಗಿ.

ರಿಸರ್ಚಪ್ಪನಿಗೆ ಥಟ್ಟನೆ ಒಂದು ಹೊಳೆಯಿತು. "ಅಲ್ಲ ಷಡ್ಡಕರೇ, ನಾನು ಬಿದ್ದಿದ್ದನ್ನ ನೀವು ನೋಡಿದ್ರಲ್ಲ. ನಾನೇ ಅಂತ ಗುರುತೂ ಸಿಕ್ತಲ್ಲ. ಮತ್ತೆ ಎತ್ತಲಿಲ್ಲ ಯಾಕೆ?"

ಷಡ್ಡಕರು ಟೀ ಲೋಟವನ್ನು ಬೆಳಕಿಗೆ ಹಿಡಿದು ಅಳತೆ ನೋಡಿದರು.

"ನಾನು ಡ್ಯೂಟೀಲಿದ್ದೆ," ಎಂದರು.

ಹೆಂಡತಿ ಚೀಲ ತಗೊಂಡು ಅಕ್ಕನ ಜೊತೆ ಹೊರಟಳು. ಬಾಗಿಲಲ್ಲಿ ನಿಂತು, "ಕೆಲಸ ಅಂತ ಸಾಬೀತು ಮಾಡಿ, ಬರ್ತೀನಿ," ಎಂದಳು. ಇಸ್ತ್ರಿಯವನು ದಾರಿ ಬಿಟ್ಟ. ಅರ್ಧ ಗಂಟೆಯೊಳಗೆ ಬೀದಿಯಲ್ಲಿ ಈ ಸುದ್ದಿ ತಿಳಿಯದೆ ಉಳಿದವರೆಂದರೆ ತೊಟ್ಟಿಲಲ್ಲಿ ಮಲಗಿದ್ದ ಕೂಸುಗಳು ಮಾತ್ರ.

ಮರುದಿನ ರಿಸರ್ಚಪ್ಪ ಮೇಡಂ ಮುಂದೆ ಹೋಗಿ ನಿಂತ. "ಮೇಡಂ, ನಾನು ಕುಡುಕ ಅಲ್ಲ ಅಂತ ಮನೇಲಿ ಒಂದು ಮಾತು ಹೇಳಿ. ಹೆಂಡ್ತಿ ಮನೆಬಿಟ್ಟು ಹೋಗಿದ್ದಾಳೆ."

ಮೇಡಂ ಕೆಟ್ಟವರಲ್ಲ. ಕನ್ನಡಕ ತೆಗೆದು ನಿಜವಾಗಿಯೂ ನೊಂದುಕೊಂಡರು. "ಅಧ್ಯಯನ ಮುಗೀಲಿ, ನಾನೇ ಬಂದು ಹೇಳ್ತೀನಿ. ಈಗ ಹೇಳಿದ್ರೆ ಎಲ್ಲಾ ಹಾಳಾಗುತ್ತೆ. ನನಗೂ ಸಾಕಾಗಿದೆ ನೋಡಿ. ಬರೋರೆಲ್ಲ ಸರಿಯಾಗಿ ದಾಟಿಕೊಂಡು ಹೋಗ್ತಿದ್ದಾರೆ, ಆ ಮುದುಕ ಒಬ್ಬ ಪ್ರತಿಸಲ ಬಾಟಲಿ ಹಿಡ್ಕೊಂಡು ಬಂದುಬಿಡ್ತಾನೆ. ಅವನಿಂದ ನನ್ನ ಲೆಕ್ಕವೆಲ್ಲ ಏರುಪೇರು. ಅವನೊಬ್ಬನಿಗೆ ಬೇಕಾದರೆ ವಿಷಯ ಹೇಳಿ, ಹೇಗಾದ್ರೂ ಮಾಡಿ ನಿಲ್ಲಿಸಿ." ಕನ್ನಡಕ ಮತ್ತೆ ಹಾಕಿಕೊಂಡು, "ಮುಂದಿನ ಹಂತಕ್ಕೆ ವಯಸ್ಸಾದವರೊಬ್ಬರು ಬೇಕು. ಮುದುಕರು ಬಿದ್ರೆ ಜನ ಏನು ಮಾಡ್ತಾರೆ ಅಂತ ನೋಡಬೇಕು. ಹುಡುಕ್ತಿದ್ದೀನಿ," ಎಂದರು.

ಬೀಳುವುದಕ್ಕೆ ಇನ್ನೊಬ್ಬ ಬರುತ್ತಾನೆಂದು ಕೇಳಿ ರಿಸರ್ಚಪ್ಪನಿಗೆ ಹೆಂಡತಿಯ ದುಃಖದ ನಡುವೆಯೂ ಹೊಟ್ಟೆ ಉರಿಯಿತು.

ಗಡಿಯಾರದಜ್ಜ ಎಲ್ಲವನ್ನೂ ಕೇಳಿ, ಕಣ್ಣಿಗೆ ಸಿಕ್ಕಿಸಿದ್ದ ಗಾಜು ತೆಗೆದ. "ಹಂಗಾದ್ರೆ ನೀನು ಕುಡೀತಿರಲಿಲ್ವಾ?"

"ಇಲ್ಲ ಅಜ್ಜ."

"ಒಳ್ಳೇದಾಯ್ತು ಬಿಡು," ಎಂದು ಅಜ್ಜ ನಿಜಕ್ಕೂ ಸಂತೋಷಪಟ್ಟ. ತನಗೆ ಮೋಸಮಾಡಿದರೆಂಬ ಕೋಪ ಅವನ ಮುಖದಲ್ಲಿ ಎಲ್ಲೂ ಕಾಣಲಿಲ್ಲ. ಆಮೇಲೆ ಏನೋ ನೆನಪಾದವನಂತೆ ಕೇಳಿದ: "ಅಲ್ಲಪ್ಪಾ, ನಾಳೆ ಯಾರಾದ್ರೂ ನಿಜವಾಗಿ ಬಿದ್ರೆ ನಾನು ಹೆಂಗೆ ಗುರುತು ಹಿಡೀಲಿ?"

ಇಂಥದೇ ಪ್ರಶ್ನೆಯನ್ನು ರಿಸರ್ಚಪ್ಪ ಮೊದಲೊಮ್ಮೆ ಸಮಿತಿಯ ಸಭೆಯಲ್ಲಿ ನೆಲದ ಮೇಲೆ ಬಿದ್ದುಕೊಂಡು ಕೇಳಿಸಿಕೊಂಡಿದ್ದ. ಆಗ ಉತ್ತರ ಹೇಳುವ ಭಾರ ಮೇಡಮ್ಮಿನದಾಗಿತ್ತು, ಈಗ ಅವನದು. ವಿಷಯ ಬಲ್ಲವನ ಗತ್ತಿನಲ್ಲಿ ಹೇಳಿದ: "ಸುಲಭ ಅಜ್ಜ. ನಿಜವಾಗಿ ಬೀಳೋರು ನಮ್ಮಷ್ಟು ಚೆನ್ನಾಗಿ ಬೀಳಲ್ಲ. ಕೈಕಾಲು ಅಡ್ಡಾದಿಡ್ಡಿ ಇರುತ್ತೆ. ಆದರೂ ಈ ಜಾಗದಲ್ಲಿ ಯಾರೇ ಬಿದ್ದಿದ್ರೂ ನಮ್ಮೋರೇ ಅಂತ ತಿಳ್ಕೊಳ್ಳಿ. ಮುಟ್ಟಬೇಡಿ. ಮೇಲಿಂದ ಮೇಡಂ ನೋಡ್ತಿರ್ತಾರೆ."

"ಸುಮ್ನೆ ಕೂತು ನೋಡೋದು ಕಷ್ಟ ಕಣಪ್ಪಾ," ಎಂದ ಅಜ್ಜ. "ಪ್ರಯತ್ನ ಮಾಡ್ತೀನಿ."

ಅಪ್ಪಣೆ ಇದ್ದದ್ದು ಅಜ್ಜನೊಬ್ಬನಿಗೆ ಹೇಳಲು. ಆದರೆ ಖಾಲಿ ಮನೆಯಲ್ಲಿ ಎರಡು ದಿನ ತಾನೇ ಟೀ ಮಾಡಿಕೊಂಡು ಕುಡಿದ ರಿಸರ್ಚಪ್ಪನಿಗೆ ಮೂರನೆಯ ದಿನ ತಡೆಯಲಾಗಲಿಲ್ಲ. ಭಾನುವಾರ ಮಧ್ಯಾಹ್ನ ಹೆಂಡತಿ, ಅಕ್ಕ, ಷಡ್ಡಕರನ್ನು ಕರೆಸಿ, ಬೀದಿಯವರನ್ನೆಲ್ಲ ಇಸ್ತ್ರಿ ಅಂಗಡಿಯ ಮುಂದೆ ನಿಲ್ಲಿಸಿ, ಮೊದಲು ಟೈ ಕಟ್ಟಿಕೊಂಡು ಬಿದ್ದು ತೋರಿಸಿದ. ಮಂಡಿ, ಸೊಂಟ, ಭುಜ. ಆಮೇಲೆ ಗಡ್ಡ ಕಟ್ಟಿಕೊಂಡು ಬಿದ್ದು ತೋರಿಸಿದ. ಮತ್ತೆ ಮಂಡಿ, ಸೊಂಟ, ಭುಜ, ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಷಡ್ಡಕರು ಜೇಬಿನಿಂದ ಟೇಪು ತೆಗೆದು ತಲೆಯಿಂದ ಗೋಡೆಗೆ ಅಳೆದರು. ಎರಡು ಸಲವೂ ಅಳತೆ ಒಂದೇ.

"ಕುಡಿದೋನ ಕೈಲಿ ಇದು ಸಾಧ್ಯವಿಲ್ಲ," ಎಂದು ಅವರು ತೀರ್ಪು ಕೊಟ್ಟರು. "ಇದು ಸರ್ಕಾರಿ ತೂಕದಷ್ಟೇ ಖರೆ."

ಜನ ಚಪ್ಪಾಳೆ ತಟ್ಟಿದರು. ಹೆಂಡತಿ ಅಲ್ಲಿಂದ ಅಕ್ಕನ ಮನೆಗೆ ಹೋಗದೆ ತನ್ನ ಮನೆಯ ಬಾಗಿಲು ತೆಗೆದಳು. ಗುಂಪಿನ ಹಿಂದೆ ನಿಂತಿದ್ದ ಗಡಿಯಾರದಜ್ಜನೂ ನಗುತ್ತ ಚಪ್ಪಾಳೆ ತಟ್ಟಿದ್ದ.

ಅಂದಿನಿಂದ ಬೀದಿಯ ಜನ ಸುಸಂಸ್ಕೃತರಾದರು. ಯಾರೋ ಬಸ್ಸಿಳಿಯುತ್ತ ಎಡವಿ ಬಿದ್ದರೆ, "ರಿಸರ್ಚು, ರಿಸರ್ಚು" ಎಂದು ಮುಗುಳ್ನಕ್ಕು ಎದುರು ಮಹಡಿಯ ಕಿಟಕಿಗೆ ತಲೆ ಬಾಗಿಸಿ, ಕ್ರಾಪು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದರು. ರಿಸರ್ಚಪ್ಪ ಟೈ ಕಟ್ಟಿ ಬಿದ್ದರೂ ಈಗ ಯಾರೂ ಎತ್ತುವುದಿಲ್ಲ. ಹಣ್ಣಿನ ಗಾಡಿಯಾಕೆ ಅವನಿಗೆ ಅಡ್ಡವಾಗದಿರಲೆಂದು ಗಾಡಿಯನ್ನೇ ಪಕ್ಕಕ್ಕೆ ಸರಿಸುತ್ತಿದ್ದಳು. ಅಜ್ಜ ಮಾತ್ರ ಅಂಗಡಿಯ ಬಾಗಿಲಿಗೆ ಬಂದು, ಬಾಟಲಿ ಹಿಡಿದು, ಅತ್ತಿತ್ತ ಶತಪಥ ಹಾಕಿ, ಮತ್ತೆ ಒಳಗೆ ಹೋಗಿ ಕೂರುತ್ತಿದ್ದ.

ಮೇಲೆ ಕಿಟಕಿಯಲ್ಲಿ ಮೇಡಂ ಬೆರಗಾದರು. ಮೊದಲ ವಾರ ಅಷ್ಟು ದಯೆಯಿದ್ದ ಬೀದಿ ನೋಡನೋಡುತ್ತಲೇ ಕಲ್ಲಾಗಿಬಿಟ್ಟಿತ್ತು. "ಇಂಥ ಫಲಿತಾಂಶ ಇದುವರೆಗೆ ಯಾರಿಗೂ ಸಿಕ್ಕಿಲ್ಲ," ಎಂದು ಅವರು ಸಂತೋಷದಿಂದ ದಂಗಾದರು. ನಿಜ ಕಾರಣ ಗೊತ್ತಿದ್ದದ್ದು ಟೀ ತಂದುಕೊಡುತ್ತಿದ್ದವನಿಗೆ. ಅವನು ಟೀ ಕೊಟ್ಟು, ಬಾಯಿಗೆ ಬೀಗ ಹಾಕಿಕೊಂಡು ಹೊರಬಂದ. ಹೇಳಿದರೆ ಕೆಲಸ ಹೋಗುತ್ತಿತ್ತು, ಕೆಲಸದ ಜೊತೆ ಹೆಂಡತಿಯ ಕಡೆಯವರ ಎದುರಿನ ಗೌರವವೂ ಹೋಗುತ್ತಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ಚಳಿ ಜೋರಾಗಿತ್ತು. ಷಡ್ಡಕರು ತಮ್ಮ ಇಲಾಖೆಯ ಸಾಹೇಬರಿಗೆ ರಿಸರ್ಚಪ್ಪನನ್ನು ಪರಿಚಯ ಮಾಡಿಸಲು ಸ್ವತಃ ಕರೆದುಕೊಂಡು ಹೋಗುತ್ತಿದ್ದರು. ಇಪ್ಪತ್ತೈದು ವರ್ಷಗಳಲ್ಲಿ ಇದೇ ಮೊದಲು. ರಿಸರ್ಚಪ್ಪ ಇಸ್ತ್ರಿ ಮಾಡಿಸಿದ ಅಂಗಿ ಹಾಕಿದ್ದ, ಹೆಂಡತಿ ಜೊತೆಯಲ್ಲಿದ್ದಳು. ಬಸ್ ನಿಲ್ದಾಣದ ಪಕ್ಕದಲ್ಲಿ, ಅವನದೇ ಜಾಗದಲ್ಲಿ, ಒಬ್ಬ ಮನುಷ್ಯ ಬಿದ್ದಿದ್ದ. ಹಳೆಯ ಉಣ್ಣೆ ಕೋಟು, ಕಿವಿ ಮುಚ್ಚುವಂತೆ ಎತ್ತಿದ ಕಾಲರು, ಮುಖ ಗೋಡೆಯ ಕಡೆಗೆ. ತಲೆಯ ಹಿಂಭಾಗದಲ್ಲಿ ಬಿಳಿ ಕೂದಲು ಕಾಣುತ್ತಿತ್ತು. ಜನ ಅವನನ್ನು ಬಳಸಿಕೊಂಡು ನಯವಾಗಿ ನಡೆದು ಹೋಗುತ್ತಿದ್ದರು.

"ನಿಮ್ಮೋರಾ?" ಎಂದರು ಷಡ್ಡಕರು ಅಭಿಮಾನದಿಂದ.

ರಿಸರ್ಚಪ್ಪನ ಮುಖ ಗಂಟಾಯಿತು. ಮೇಡಂ ತನಗೊಂದು ಮಾತೂ ಹೇಳದೆ, ಮುಂದಿನ ಹಂತಕ್ಕೆಂದು ಹುಡುಕುತ್ತಿದ್ದ ಮುದುಕನನ್ನು ಕೆಲಸಕ್ಕೆ ತಗೊಂಡೇಬಿಟ್ಟಿದ್ದರು. "ಹೂಂ. ನಮ್ಮೋರೇ. ಹೊಸಬ," ಎಂದ. ಅತ್ತಿಂದಿತ್ತ ಒಂದು ಬಾರಿ ನಡೆದು, ಒಂದು ಹೆಜ್ಜೆ ಹಿಂದೆ ಸರಿದು, ಗುಣ ಅವಗುಣ ಹೇಳತೊಡಗಿದ. "ಏನೂ ಅಭ್ಯಾಸ ಇಲ್ಲ ಷಡ್ಡಕರೇ. ಇಲ್ನೋಡಿ, ಒಂದು ಕೈ ಎದೆ ಕೆಳಗೆ ಸಿಕ್ಕಿಹಾಕ್ಕೊಂಡಿದೆ. ಕಾಲು ತಿರುಚಿಕೊಂಡಿದೆ. ಹಿಂಗೆ ಯಾರಾದ್ರೂ ಬೀಳ್ತಾರಾ? ಮಂಡಿ ಮೊದಲು ಬರಬೇಕು. ಇದು ದಬಕ್ಕಂತ ಬಿದ್ದಿರೋದು. ವೇಷ ಮಾತ್ರ ಪರವಾಗಿಲ್ಲ. ನೋಡಿ, ಬೆರಳ ತುದಿಗೆ ಎಣ್ಣೆ ಕಪ್ಪು ಬೇರೆ ಬಳಿದಿದ್ದಾರೆ."

"ರೀ," ಎಂದಳು ಹೆಂಡತಿ, "ತುಂಬಾ ವಯಸ್ಸಾದೋರ ಥರ ಕಾಣ್ತಾರೆ. ನೆಲ ಬೇರೆ ತಣ್ಣಗಿದೆ. ಎತ್ತಿ ಕೂರಿಸೋಣ."

"ಮುಟ್ಟಬೇಡ! ಮಾಹಿತಿ ಕೆಡುತ್ತೆ."

ಅವಳು ಹಿಂಜರಿದಳು. ಚರಂಡಿಯ ಅಂಚಿಗೆ ಉರುಳಿ ಹೋಗಿದ್ದ ನೀರಿನ ಬಾಟಲಿಯೊಂದನ್ನು ತಂದು, ಬಿದ್ದವನ ತಲೆಯ ಹತ್ತಿರ ನೆಟ್ಟಗೆ ನಿಲ್ಲಿಸಿದಳು. "ಎದ್ಮೇಲೆ ಕುಡೀಲಿ," ಎಂದಳು. ಅಷ್ಟರಲ್ಲಿ ರಿಸರ್ಚಪ್ಪ ಎದುರು ಮಹಡಿಯ ಕಿಟಕಿಗೆ ನಮಸ್ಕಾರ ಮಾಡಿ ಆಗಿತ್ತು. ಕಿಟಕಿ ಮುಚ್ಚಿತ್ತು, ಚಳಿಗೆ ಮುಚ್ಚಿರಬೇಕೆಂದುಕೊಂಡ. ಮೂವರೂ ಬಸ್ಸು ಹತ್ತಿದರು.

ಕಿಟಕಿ ಮುಚ್ಚಿದ್ದದ್ದು ಚಳಿಗಲ್ಲ. ಮೇಡಂ ಅವತ್ತು ಸಂಸ್ಥೆಯಲ್ಲಿ ನೀತಿ ಸಮಿತಿಯ ಮುಂದೆ ನಿಂತು, ಈ ಅಧ್ಯಯನದಿಂದ ಇದುವರೆಗೆ ಯಾರಿಗೂ ಯಾವ ತೊಂದರೆಯೂ ಆಗಿಲ್ಲವೆಂದು ವರದಿ ಕೊಡುತ್ತಿದ್ದರು. ಟೀ ತರಲು ಅವತ್ತು ಬೇರೆ ಯಾರನ್ನೋ ನೇಮಿಸಿದ್ದರು.

ಸಂಜೆ ಮೂವರೂ ಬೀದಿಗೆ ಮರಳಿದಾಗ ಇಸ್ತ್ರಿ ಪೆಟ್ಟಿಗೆ ತಣ್ಣಗಿತ್ತು. ಇಸ್ತ್ರಿಯವನು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಅವನ ಕೈಯಲ್ಲಿ ಒಂದು ಬಾಟಲಿ, ಅದರ ಕುತ್ತಿಗೆಗೆ ಕೆಂಪು ದಾರ.

"ಮಧ್ಯಾಹ್ನದವರೆಗೂ ಅಲ್ಲೇ ಬಿದ್ದಿದ್ನಂತೆ," ಎಂದ, ಯಾರ ಮುಖವನ್ನೂ ನೋಡದೆ. "ಬೆಳಿಗ್ಗೆ ಯಾರೋ ಬಸ್ಸಿಳಿದು ತಲೆ ಸುತ್ತಿ ಕೂತ್ಕೊಂಡ್ರಂತೆ. ಅಜ್ಜ ತಡೀಲಾರದೆ ಕೋಟು ಹಾಕ್ಕೊಂಡು ನೀರು ತಗೊಂಡು ದಾಟಿದಾನೆ. ಅವರು ಕುಡಿದು ಎದ್ದು ಹೋದ್ರು, ಇವನು ಎದೆ ಹಿಡ್ಕೊಂಡು ಬಿದ್ದ. ಕಸ ಗುಡಿಸೋರು ಬಂದು ಎತ್ತಿದ್ರು. ಆಸ್ಪತ್ರೇಲಿ ಅಂದ್ರಂತೆ, ಒಂದು ಗಂಟೆ ಮುಂಚೆ ತಂದಿದ್ರೆ... ನಾನೂ ಎರಡು ಸಲ ಆ ಕಡೆ ಹೋದೆ ರಿಸರ್ಚಪ್ಪ. ಎರಡು ಸಲವೂ ನೋಡ್ದೆ. ನಿಮ್ಮೋರು ಅಂದ್ಕೊಂಡೆ."

ಹೆಂಡತಿ ಬಾಟಲಿಯನ್ನು ನೋಡುತ್ತಲೇ ನಿಂತಳು. "ನಾನೇ ಇದನ್ನ ನೆಟ್ಟಗೆ ಇಟ್ಟೆ," ಎಂದಳು.

ರಿಸರ್ಚಪ್ಪ ನಡೆದುಕೊಂಡು ಬಸ್ ನಿಲ್ದಾಣದ ಕಡೆ ಹೋದ. ಎದುರಿಗೆ ಗೂಡಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಗೋಡೆಯ ಗಡಿಯಾರಗಳು ತಮ್ಮ ಪಾಡಿಗೆ ಓಡುತ್ತಿದ್ದವು, ಮೇಜಿನ ಮೇಲೆ ಯಾರದೋ ವಾಚು ಬಿಚ್ಚಿದ್ದು ಹಾಗೇ ಇತ್ತು. ಎಷ್ಟು ಗಡ್ಡ ಕಟ್ಟಿಕೊಂಡರೂ ಆ ಮುದುಕ ಮಣಿಕಟ್ಟು ನೋಡಿ ಇವನನ್ನು ಗುರುತು ಹಿಡಿದಿದ್ದ. ಇವನು ಅವನ ಬೆರಳುಗಳನ್ನು ಅಷ್ಟು ಹತ್ತಿರದಿಂದ ನೋಡಿಯೂ, ವೇಷ ಪರವಾಗಿಲ್ಲ ಎಂದಿದ್ದ. ಅದು ನೆನಪಾದ ಕೂಡಲೇ ರಿಸರ್ಚಪ್ಪ ಕುಸಿದ. ಈ ಸಲ ಮಂಡಿ ಮೊದಲು ಬರಲಿಲ್ಲ. ದಬಕ್ಕನೆ ಬಿದ್ದ, ಒಂದು ಕೈ ಎದೆಯ ಕೆಳಗೆ ಸಿಕ್ಕಿಕೊಂಡಿತು, ಹಣೆ ಸಿಮೆಂಟಿಗೆ ಬಡಿಯಿತು. ಏಳಬೇಕೆಂದರೆ ಮೈ ಕೇಳಲಿಲ್ಲ. ಬಾಯಿಂದ ಅಳು ಹೊರಟಿತು, ಆದರೆ ಬಸ್ಸುಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಶೂಗಳು ಬಂದವು, ಹೋದವು. ಹಣ್ಣಿನ ಗಾಡಿ ಗೌರವದಿಂದ ಪಕ್ಕಕ್ಕೆ ಸರಿಯಿತು. ಅವನು ರಸ್ತೆಯಾಚೆಯಿಂದ ಬರುವ ಚಪ್ಪಲಿಯ ಟಪಟಪ ಸದ್ದಿಗಾಗಿ ಕಿವಿಗೊಟ್ಟು ಬಿದ್ದಿದ್ದ.

ಬೇರೆ ಊರಿನಿಂದ ಆಗಷ್ಟೇ ಬಸ್ಸಿಳಿದ, ಈ ಬೀದಿಯ ಸಂಗತಿ ಏನೂ ತಿಳಿಯದ ಒಬ್ಬ ಮನುಷ್ಯ ಚೀಲ ಕೆಳಗಿಟ್ಟು, "ಅಯ್ಯೋ, ಏನಾಯ್ತು ಸ್ವಾಮೀ" ಎನ್ನುತ್ತ ಬಾಗಿದ. ಅವನ ಕೈ ರಿಸರ್ಚಪ್ಪನ ಭುಜಕ್ಕೆ ಇನ್ನೇನು ತಾಗಬೇಕು, ಹಿಂದಿನಿಂದ ಓಡಿಬಂದ ಷಡ್ಡಕರು ಆ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದರು.

"ಮುಟ್ಟಬೇಡಿ ಸ್ವಾಮಿ," ಎಂದರು, ಅಭಿಮಾನದಿಂದ ದನಿ ತಗ್ಗಿಸಿ. "ಡ್ಯೂಟೀಲಿದ್ದಾರೆ."